ಎರಡು ಕೈಯಲ್ಲಿ ಕೊಟ್ಟ ಚಾ

ಉಪ್ಪುಂದ, ಒಂದು ಶುಕ್ರವಾರ

ಶುಕ್ರವಾರ ಬಹ್ರೇನಿನಲ್ಲಿ ರಜೆ. ನನ್ನ ತಮ್ಮ ಸುರೇಶ ಅಲ್ಲಿ ತಡವಾಗಿ ಎದ್ದು ಚಾ ಮಾಡಿಕೊಳ್ಳುವ ಹೊತ್ತಿಗೆ ಇಲ್ಲಿ ನಾನು ಶಾಲೆಯ ಬಿಸಿಯೂಟದ ಪಾತ್ರೆ ತೊಳೆದಿಟ್ಟು ಮನೆಗೆ ಬಂದಿರುತ್ತಿದ್ದೆ. ಒಂದು ಲೋಟ ಚಾ ಹಿಡಿದು ಹಿಂದಿನ ಜಗಲಿಯಲ್ಲಿ ಕೂತರೆ ಫೋನ್ ಬರುತ್ತಿತ್ತು. ಅವನು ಮೊದಲು ಮಾತಾಡುತ್ತಿರಲಿಲ್ಲ. ಚಾವನ್ನು ಸೊರ್ ಎಂದು ಎಳೆದು ಕೇಳಿಸುತ್ತಿದ್ದ. ನಾನೂ ಸೊರ್ ಎನಿಸಿದ ಮೇಲೆಯೇ ಮಾತು ಶುರು. ಅಮ್ಮ ತೀರಿಕೊಂಡಾಗ ಅವನು ಇನ್ನೂ ಚಡ್ಡಿ ಹಾಕುತ್ತಿದ್ದ. ನಾನು ಚಾ ಆರಿಸಿ ಕೊಡುವಾಗ ಹಾಗೆ ಸದ್ದು ಮಾಡಿ ನನ್ನನ್ನು ರೇಗಿಸುತ್ತಿದ್ದ. ಆ ಬುದ್ಧಿ ಹೋಗಿರಲಿಲ್ಲ.

ಆ ಶುಕ್ರವಾರ ವಿಶೇಷವೇನೂ ಇರಲಿಲ್ಲ. ನಾನು ಮದುವೆಯ ಮಾತೆತ್ತಿದೆ. ಅವನು ಎಂದಿನಂತೆ ಲೈನ್ ಸರಿಯಿಲ್ಲ ಎಂದ. ಆಮೇಲೆ ಲೈನ್ ಸರಿಯಾಯಿತು. ಅವನು ಡ್ರೈವರ್ ಆಗಿದ್ದದ್ದು ಹಾಂಗ್‌ಕಾಂಗಿನ ಒಬ್ಬ ಹೆಂಗಸಿನ ಮನೆಯಲ್ಲಿ. ಮಿಸೆಸ್ ಲೌ ಎಂದು ಅವರ ಹೆಸರು, ಅವನ ಬಾಯಲ್ಲಿ ಬರೀ ಮೇಡಂ. ಮರುದಿನ ಅವರ ತಾಯಿ ಹಾಂಗ್‌ಕಾಂಗಿನಿಂದ ಬರುವವರಿದ್ದರು. ಮುದುಕಿಗೆ ಇಂಗ್ಲಿಷ್ ಬಾರದು. ವಿಮಾನ ನಿಲ್ದಾಣದಿಂದ ಮನೆಯವರೆಗೆ ಸುಮ್ಮನೆ ಕೂರಿಸಿಕೊಂಡು ಬರುವುದು ಹೇಗೆಂದು ಮೇಡಂ ಇವನಿಗೆ ತಮ್ಮ ಕ್ಯಾಂಟೊನೀಸ್ ಭಾಷೆಯ ನಾಲ್ಕು ಮಾತು ಕಲಿಸಿದ್ದರಂತೆ. ಅದನ್ನು ನನ್ನ ಮುಂದೆ ಒಪ್ಪಿಸಿದ.

"ಇವ್ರಲ್ಲ್ ಸಾರಿ ಹೇಳುಕೂ ಸಣ್ಣದ್ ದೊಡ್ಡದ್ ಇತ್ತ್ ಅಕ್ಕ. ಕಾಲ್ ತಾಗಿದ್ರೆ, ಬಾಗ್ಲ್ ತಾಗಿದ್ರೆ ಮ್ ಹೋ ಯೀ ಸೀ. ದಿನಾ ಹೇಳ್ತ್ರ್. ದೊಡ್ಡ ತಪ್ಪಿಗೆ ಬೇರೆ ಇತ್ತ್. ತೊಯ್ ಮ್ ಚ್ಯೂ. ಅದನ್ನ್ ನಾ ಇನ್ನೂ ಅವ್ರ ಬಾಯಲ್ಲ್ ಕೇಂಡದ್ದಿಲ್ಲ."

"ನಿಂಗ್ ಎಂತಕ್ ಅದ್?" ಎಂದು ನಾನು ನಕ್ಕೆ.

ಕೊನೆಗೆ, ಒಮ್ಮೆ ಬಾ, ಸಮುದ್ರದ ಮೇಲೆ ರಸ್ತೆ ಹೋಗುವುದನ್ನು ನೋಡಲಿಕ್ಕಾದರೂ ಬಾ, ವೀಸಾಕ್ಕೆ ಕೊಟ್ಟಿದ್ದೇನೆ ಎಂದ. ನೋಡುವ ಎಂದೆ. ಲೋಟ ತೊಳೆದು ಕವುಚಿಟ್ಟೆ.

ಮರುದಿನ ಅವನು ವಿಮಾನ ನಿಲ್ದಾಣದ ಹೊರಗೆ ಕಾರಿನಲ್ಲೇ ತೀರಿಹೋದ. ಹೃದಯಾಘಾತ ಎಂದರು. ಪೆಟ್ಟಿಗೆ ಮಂಗಳೂರಿಗೆ ಬಂತು, ಅಲ್ಲಿಂದ ಆಂಬುಲೆನ್ಸಿನಲ್ಲಿ ಊರಿಗೆ. ಹನ್ನೆರಡನೆಯ ದಿನದ ಊಟಕ್ಕೆ ಬಂದವರಿಗೆಲ್ಲ ಚಾ ಕೊಟ್ಟೆ, ನಾನು ಕುಡಿಯಲಿಲ್ಲ. ವರ್ಷಾಂತಿಕದವರೆಗೆ ಚಾ ಮುಟ್ಟುವುದಿಲ್ಲ ಎಂದು ದೇವರ ಮುಂದೆ ಹೇಳಿಕೊಂಡೆ. ಅವನಿಗಾಗಿ ಬಿಡಬಹುದಾದದ್ದು ನನ್ನಲ್ಲಿ ಬೇರೇನೂ ಇರಲಿಲ್ಲ.

ವೀಸಾ ಆಮೇಲೆ ಬಂತು. ಅವನ ಗೆಳೆಯ ಇಬ್ರಾಹಿಂ ಫೋನ್ ಮಾಡಿ, ನೀವು ಬನ್ನಿ, ಅವನ ಆಸೆ ಅದು, ನಮ್ಮ ಮನೆಯಲ್ಲಿ ಉಳಿಯಿರಿ ಎಂದರು. ನಮ್ಮ ಮನೆಯವರೂ ಹೋಗಿ ಬಾ ಎಂದರು. ಹೊರಟೆ.

ಮುಹರ್ರಕ್

ವಿಮಾನ ಇಳಿಯುವಾಗ ಕೆಳಗೆ ಕಂಡ ಸಮುದ್ರಕ್ಕೆ ಆಳವೇ ಇರಲಿಲ್ಲ. ಯಾರೋ ತಿಳಿಹಸಿರು ಸೀರೆಯನ್ನು ನೀರಲ್ಲಿ ಅದ್ದಿ ಹಾಗೆಯೇ ಹರಡಿದಂತಿತ್ತು. ನಮ್ಮ ಕಡಲು ಹಗಲು ರಾತ್ರಿ ಬೊಬ್ಬೆ ಹೊಡೆಯುತ್ತದೆ. ಇಲ್ಲಿಯದು ಬಾಯಿ ಬಿಡುವುದಿಲ್ಲ. ಇಂಥ ಕಡಲಿನ ನಡುವೆ ಅವನು ಇಷ್ಟು ವರ್ಷ ಹೇಗೆ ನಿದ್ದೆ ಮಾಡಿದನೋ ಎಂದುಕೊಂಡೆ.

ಹೊರಗೆ ಹೆಸರು ಬರೆದ ಹಲಗೆ ಹಿಡಿದು ಡ್ರೈವರುಗಳು ಸಾಲಾಗಿ ನಿಂತಿದ್ದರು. ಒಂದೊಂದೇ ಮುಖ ನೋಡುತ್ತಾ ಬಂದೆ. ಯಾರನ್ನು ಹುಡುಕುತ್ತಿದ್ದೇನೆಂದು ನನಗೇ ಗೊತ್ತಾದದ್ದು ಸಾಲು ಮುಗಿದ ಮೇಲೆ. ಅಲ್ಲಿ ಇಬ್ರಾಹಿಂ ನಿಂತಿದ್ದರು. ನನ್ನ ಚೀಲ ತೆಗೆದುಕೊಂಡು ಕಾರು ನಿಲ್ಲಿಸುವ ಜಾಗವನ್ನು ಬಿರಬಿರನೆ ದಾಟಿದರು. ಒಂದು ಕಡೆ ತಲೆ ಆಚೆ ತಿರುಗಿಸಿದರು. ಸುರೇಶ ಹೋದದ್ದು ಅಲ್ಲಿ ಎಂದು ಯಾರೂ ಹೇಳದೆಯೇ ತಿಳಿಯಿತು.

ಮುಹರ್ರಕ್ ಹಳೆಯ ಪೇಟೆ. ಗಲ್ಲಿಗಳು ಎಷ್ಟು ಕಿರಿದೆಂದರೆ ಎರಡೂ ಬದಿಯ ಗೋಡೆಗಳು ಒಂದರ ಮಾತು ಒಂದಕ್ಕೆ ಕೇಳಿಸುವಷ್ಟು ಹತ್ತಿರ. ಇಬ್ರಾಹಿಂ ಮಂಗಳೂರಿನ ಕಡೆಯವರು. ಅಲ್ಲೊಂದು ಕೋಲ್ಡ್ ಸ್ಟೋರ್ ಇಟ್ಟಿದ್ದಾರೆ. ಹೆಸರು ಕೇಳಿ ಐಸ್ ಮಾರುವ ಅಂಗಡಿ ಎಂದುಕೊಂಡಿದ್ದೆ, ನೋಡಿದರೆ ನಮ್ಮ ದಿನಸಿ ಅಂಗಡಿಯೇ. ಗಿರಾಕಿಗಳು ಕಾರಿಂದ ಇಳಿಯುವುದಿಲ್ಲ. ಬಾಗಿಲಲ್ಲಿ ನಿಲ್ಲಿಸಿ ಹಾರನ್ ಹೊಡೆಯುತ್ತಾರೆ. ಇಬ್ರಾಹಿಂ ಹೋಗಿ ಕೇಳಿ, ರೊಟ್ಟಿಯನ್ನೋ ಮೊಸರನ್ನೋ ಕಿಟಕಿಗೇ ಕೊಟ್ಟು ಬರುತ್ತಾರೆ. ನಮ್ಮೂರಿನ ಕಿಣಿಯವರ ಅಂಗಡಿಯಲ್ಲಿ ಹೀಗೆ ಹಾರನ್ ಹೊಡೆದರೆ ಅವರು ತಿಂಗಳು ಮಾತು ಬಿಟ್ಟಾರು. ಶುಕ್ರವಾರ ಸಂಜೆ ಸುರೇಶ ಬಂದು ಇಲ್ಲಿಯ ಮಣೆಯ ಮೇಲೆ ಕೂರುತ್ತಿದ್ದನಂತೆ. ಹೋಗುವಾಗ ಒಂದು ಪೊಟ್ಟಣ ಸಕ್ಕರೆ.

"ಇರುವೆ ಹತ್ತಲಿಲ್ಲ ಅಷ್ಟೇ ಅಕ್ಕ ಅವನಿಗೆ," ಎಂದರು ಇಬ್ರಾಹಿಂ.

ಮರುದಿನ ಬೆಳಿಗ್ಗೆ ನಡೆಯುತ್ತಾ ಹೋಗಿ ದಾರಿ ತಪ್ಪಿದೆ. ಎಲ್ಲ ಬಾಗಿಲುಗಳೂ ಒಂದೇ ತರಹ. ಬಿಸಿಲು ಬಿಳಿಯಾಗಿತ್ತು, ನೆರಳು ಗೋಡೆಯ ಬುಡದಲ್ಲಿ ಗೆರೆಯಷ್ಟೇ. ಆ ಗೆರೆಯ ಮೇಲೆ ನಡೆದೆ. ಒಂದು ಬಾಗಿಲಲ್ಲಿ ಕೂತಿದ್ದ ಅಜ್ಜಿಯೊಬ್ಬರು ನನ್ನ ಮುಖ ನೋಡಿ ಕೈ ಹಿಡಿದು ಒಳಗೆ ಕೂರಿಸಿದರು. ಅವರು ಅರಬಿಯಲ್ಲಿ ಕೇಳಿದರು, ನಾನು ಕುಂದಾಪುರದ ಕನ್ನಡದಲ್ಲಿ ಹೇಳಿದೆ, ಇಬ್ಬರಿಗೂ ತೊಂದರೆಯಾಗಲಿಲ್ಲ. ಖರ್ಜೂರ ಕೊಟ್ಟರು. ಹಿಡಿಯಿಲ್ಲದ ಪುಟ್ಟ ಕಪ್ಪಿನಲ್ಲಿ ಏಲಕ್ಕಿಯ ತೆಳು ಕಾಫಿ. ಚಾ ಅಲ್ಲವಲ್ಲ, ಕುಡಿದೆ. ಮತ್ತೆ ಸುರಿದರು. ಕೊಟ್ಟದ್ದನ್ನು ಬಿಡುವುದು ಹೇಗೆಂದು ಮತ್ತೆ ಕುಡಿದೆ. ಅವರು ಸುರಿಯುತ್ತಲೇ ಹೋದರು. ಅಷ್ಟರಲ್ಲಿ ಇಬ್ರಾಹಿಂ ಅವರ ಹೆಂಡತಿ ಮೈಮೂನಾ ಹುಡುಕಿಕೊಂಡು ಬಂದರು.

"ಊರೆಲ್ಲ ಹುಡುಕಿದೆ ಅಕ್ಕ ನಿಮ್ಮನ್ನ. ನೀವು ಇಲ್ಲಿ ಕಾಫಿಗೆ ಕೂತಿದ್ದೀರಿ ಆರಾಮಾಗಿ." ಆಮೇಲೆ ನಕ್ಕು ನನ್ನ ಕೈಯ ಕಪ್ಪನ್ನು ಹಿಡಿದು ಅಲುಗಿಸಿ ತೋರಿಸಿದರು. "ಸಾಕಾದ್ರೆ ಹೀಗೆ ಮಾಡ್ಬೇಕು. ಇಲ್ಲದಿದ್ರೆ ನಾಳೆವರೆಗೂ ಹಾಕ್ತಾರೆ."

ಅಜ್ಜಿಯೂ ನಕ್ಕರು. ಬಾಯಿ ತೆರೆಯದೆ ಕಪ್ಪಿನಿಂದಲೇ ಮಾತಾಡುವ ಊರು ಎಂದುಕೊಂಡೆ. ನನಗೆ ಅದು ಹಿಡಿಸಿತು. ಆ ದಿನಗಳಲ್ಲಿ ನನಗೆ ಮಾತು ಬೇಡವಾಗಿತ್ತು.

ಜಿಂಜ್

ನಾನು ಬಂದ ಸುದ್ದಿ ತಿಳಿದು ಮೇಡಂ ಇಬ್ರಾಹಿಂಗೆ ಫೋನ್ ಮಾಡಿ, ಅಕ್ಕನನ್ನು ಕಾಣಬೇಕು ಎಂದರಂತೆ. ಜಿಂಜ್‌ನಲ್ಲಿ ಅವರ ಮನೆ. ಮುಹರ್ರಕ್‌ನಿಂದ ಅಲ್ಲಿಗೆ ಸಮುದ್ರದ ಮೇಲಿನ ರಸ್ತೆಯಲ್ಲೇ ಹೋಗಬೇಕು. ಎರಡು ಕಡೆಯೂ ನೀರು, ನೀರಿನ ಮೇಲೆ ಬೆಳಕು. ಕಾರು ಓಡುವುದೋ ರಸ್ತೆಯೇ ಹಿಂದಕ್ಕೆ ಜಾರುವುದೋ ತಿಳಿಯದು. ಕಾಣ್ ಅಕ್ಕ, ಎಂದು ಸುರೇಶ ಪಕ್ಕದಲ್ಲಿ ಹೇಳಿದಂತಾಯಿತು. ಕಂಡೆ ಮಾರಾಯ ಎಂದೆ. ಕಾರು ಓಡಿಸುತ್ತಿದ್ದ ಇಬ್ರಾಹಿಂ ಒಮ್ಮೆ ತಿರುಗಿ ನೋಡಿದರು.

ಮೇಡಂ ನನ್ನಷ್ಟೇ ವಯಸ್ಸಿನವರು. ತೆಳ್ಳಗೆ, ಕತ್ತರಿಸಿದ ಕೂದಲು. ಬಾಗಿಲಲ್ಲಿ ಚಪ್ಪಲಿ ಬಿಡುವ ಪದ್ಧತಿ ಅವರಲ್ಲೂ ಇತ್ತು. ಮೊದಲು ಗೇಟಿನ ಬಳಿಯ ಸುರೇಶನ ಕೋಣೆ ತೋರಿಸಿದರು. ಮಂಚ, ಕಿಟಕಿ, ಅಂಗಿ ನೇತು ಹಾಕುವ ಮೊಳೆ. ಅಲ್ಲಿ ಬೇರೆ ಯಾರನ್ನೂ ಇರಿಸಿರಲಿಲ್ಲ. ಹೊಸ ಡ್ರೈವರನನ್ನೂ ಇಟ್ಟುಕೊಳ್ಳದೆ ಪಟ್ಟಣದ ಇನ್ನೊಂದು ಬದಿಯ ಸೀಫ್‌ನ ಆಫೀಸಿಗೆ ಅವರೇ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ನಾನು ಮೊಳೆಯನ್ನು ಒಮ್ಮೆ ಮುಟ್ಟಿದೆ.

ಒಳಗೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಅವರು ನಿಂತೇ ಇದ್ದರು. ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು, ಇಬ್ರಾಹಿಂ ಒಂದೊಂದೇ ಮಾತನ್ನು ಕನ್ನಡಕ್ಕೆ ತಂದರು. ಆ ದಿನ ಮಧ್ಯಾಹ್ನ ಸುರೇಶ ಬಂದು, ಮೇಡಂ, ಎದೆ ಒತ್ತಿದ ಹಾಗಾಗುತ್ತದೆ ಎಂದಿದ್ದನಂತೆ. ಮೇಡಂ ಅವರ ಅಮ್ಮನ ವಿಮಾನದ ಹೊತ್ತಾಗಿತ್ತು. ಮೊದಲು ಏರ್‌ಪೋರ್ಟಿಗೆ ಹೋಗಿ ಬಾ, ಆಮೇಲೆ ಡಾಕ್ಟರಿಗೆ ತೋರಿಸುವ ಎಂದರಂತೆ ಇವರು. ಅವನು ಆಯ್ತು ಎಂದು ಹೋದ. ವಿಮಾನ ತಡವಾಯಿತು. ತಾಯಿ ಹೊರಗೆ ಬಂದಾಗ ಕರೆದೊಯ್ಯಲು ಯಾರೂ ಇರಲಿಲ್ಲ. ಇವರು ಮತ್ತೆ ಮತ್ತೆ ಫೋನ್ ಮಾಡಿ, ಅವನು ಎತ್ತದ್ದಕ್ಕೆ ಸಿಟ್ಟಿನ ಸಂದೇಶ ಕಳಿಸಿದರು. ಅದು ಕಾರಿನೊಳಗೆ ಅವನ ಜೇಬಿನಲ್ಲಿ ಸದ್ದು ಮಾಡುತ್ತಿದ್ದಿರಬೇಕು.

ಇದು ಯಾರಿಗೂ ಗೊತ್ತಿರಲಿಲ್ಲ. ಹೇಳದಿದ್ದರೆ ನಮಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಮಾತುಗಳು ನನ್ನ ಕಿವಿಗೆ ಬಿದ್ದವು, ಆದರೆ ಬಾವಿಗೆ ಹಾಕಿದ ಕಲ್ಲಿನಂತೆ ಸದ್ದು ತಡವಾಗಿ ಬಂತು. ನಾನು ಕಿಟಕಿಯ ಪರದೆ ಅಲುಗುವುದನ್ನೇ ನೋಡುತ್ತಿದ್ದೆ.

ಆಮೇಲೆ ಮೇಡಂ ಇಂಗ್ಲಿಷ್ ಬಿಟ್ಟರು. ಅದರಲ್ಲಿ ಹೇಳಿದರೆ ಹೇಳಿದಂತಾಗುವುದಿಲ್ಲ ಎಂದರಂತೆ. ತಮ್ಮ ಭಾಷೆಯಲ್ಲಿ ಎರಡು ಮಾತು ಹೇಳಿದರು. "ತೊಯ್ ಮ್ ಚ್ಯೂ. ಹೈ ಙೋ ಛೋ."

ಮೊದಲನೆಯದು ನನಗೆ ಗೊತ್ತಿತ್ತು. ಸುರೇಶ ಇನ್ನೂ ಕೇಳಿಲ್ಲ ಎಂದ ಮಾತು ಅದು. ಎರಡನೆಯದರ ಅರ್ಥವನ್ನು ಇಬ್ರಾಹಿಂ ಅವರಿಂದಲೇ ಕೇಳಿ ಹೇಳಿದರು, ತಪ್ಪು ಮಾಡಿದ್ದು ನಾನೇ ಎಂದು. ನಾವು ತಪ್ಪಾಯ್ತು ಎನ್ನುತ್ತೇವೆ, ಮಳೆಯಾಯ್ತು ಎಂದ ಹಾಗೆ, ತನ್ನಷ್ಟಕ್ಕೆ ಆದದ್ದು. ಒಂದನೆಯ ತರಗತಿಯಲ್ಲಿ ತಿದ್ದಿ ತಿದ್ದಿ ಕಲಿತು ಮತ್ತೆ ಎಲ್ಲೂ ಉಪಯೋಗಕ್ಕೆ ಬಾರದ ಙ ಅಕ್ಷರ ಅವರ ಬಾಯಲ್ಲಿ 'ನಾನು' ಆಗಿ ಬಂತು.

ಅವರು ಸಣ್ಣ ಕಪ್ಪಿಗೆ ಚಾ ಸುರಿದು, ಎರಡು ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ನನ್ನ ಮುಂದೆ ಚಾಚಿದರು. ಹಾಲಿಲ್ಲದ, ಒಣಹುಲ್ಲಿನ ಬಣ್ಣದ ಚಾ. ನನಗೆ ವ್ರತ ನೆನಪಾಯಿತು. ಕೊಟ್ಟದ್ದನ್ನು ಮುಟ್ಟದೆ ಇರಬಾರದೆಂದು ಕಪ್ಪನ್ನು ತೆಗೆದುಕೊಂಡೆ. ಮೈಮೂನಾ ಕಲಿಸಿದಂತೆ ಅಲುಗಿಸಿ ಕೆಳಗಿಟ್ಟೆ. ಅಲುಗಿಸಬೇಕಾದದ್ದು ಖಾಲಿ ಕಪ್ಪನ್ನು ಎಂದು ಹೊಳೆಯಲಿಲ್ಲ. ಚಾ ಚೆಲ್ಲಿ ಮೇಜಿನ ಮೇಲೆ ಹರಿಯಿತು. ನಾನು ಕೈ ಮುಗಿದೆ.

ಮೇಡಂ ಚೆಲ್ಲಿದ್ದನ್ನು ಒರೆಸಲಿಲ್ಲ. ತಗ್ಗಿಸಿದ ತಲೆ ಎತ್ತಲಿಲ್ಲ.

ಸೀಫ್

ಇಬ್ರಾಹಿಂಗೆ ಸೀಫ್‌ನಲ್ಲಿ ಕೆಲಸವಿತ್ತು. ಮಾಲ್ ತೋರಿಸುವ ನೆಪದಲ್ಲಿ ಮೈಮೂನಾ ನನ್ನನ್ನೂ ಹೊರಡಿಸಿದರು. ಹೊರಗೆ ಉರಿ, ಒಳಗೆ ಮಾಘ ಮಾಸದ ಚಳಿ. ಅರಬ್ ಹೆಂಗಸರು ಕಪ್ಪು ಅಬಾಯಾ ನಿಲುವಂಗಿಯಲ್ಲಿ ನೆಲ ಮುಟ್ಟದೆ ತೇಲಿದಂತೆ ಹೋಗುತ್ತಿದ್ದರು. ಕಾರಂಜಿಯ ಹತ್ತಿರ ಕೂತು ನೋಡುತ್ತಾ ನನಗೆ ತೂಕಡಿಕೆ ಬಂತು. ಕಣ್ಣು ಬಿಟ್ಟಾಗ ಇಬ್ರಾಹಿಂ ಎದುರಿಗೆ ನಿಂತಿದ್ದರು. ಮೇಡಂ ತಮ್ಮ ಆಫೀಸಿನ ಕೆಳಗೆ ಅವರನ್ನು ಕರೆಸಿ ಮಾತಾಡಿದ್ದರು. ಅಕ್ಕ ಒಪ್ಪಲಿಲ್ಲ, ಅವರು ಮಾಡಿದ್ದು ಸರಿ, ಇನ್ನು ತೊಂದರೆ ಕೊಡುವುದಿಲ್ಲ ಎಂದರಂತೆ.

ಏನು ಒಪ್ಪಲಿಲ್ಲ ಎಂದು ಕೇಳಿದೆ. ಆಗ ಇಬ್ರಾಹಿಂ ಹೇಳಿದರು. ಅವರಲ್ಲಿ ದೊಡ್ಡ ತಪ್ಪಾದರೆ ಬಾಯಿಮಾತು ಸಾಲದು. ನೊಂದವರಿಗೆ ಎರಡು ಕೈಯಲ್ಲಿ ಚಾ ಕೊಟ್ಟು ತಪ್ಪು ಒಪ್ಪಿಕೊಳ್ಳಬೇಕು. ಅವರು ಕುಡಿದರೆ ಒಪ್ಪಿದಂತೆ. ಕುಡಿಯದಿದ್ದರೆ ಇಲ್ಲ. ನಮ್ಮಲ್ಲಿ ದೈವದ ಮುಂದೆ ತಪ್ಪುಕಾಣಿಕೆ ಇಟ್ಟ ಹಾಗೆ. ಆದರೆ ದೈವ ಕಾಣಿಕೆಯನ್ನು ಅಲುಗಾಡಿಸಿ ನೆಲಕ್ಕೆ ಚೆಲ್ಲುವುದಿಲ್ಲ.

ನಾನು ಚಾ ಬಿಟ್ಟ ವಿಷಯ ಹೇಳಿದೆ. ಇಬ್ರಾಹಿಂ ತಲೆಯ ಮೇಲೆ ಕೈಯಿಟ್ಟುಕೊಂಡರು.

"ನೀವು ಬಿಟ್ಟದ್ದು ಅವನಿಗೆ ಅಕ್ಕ, ಪೆಟ್ಟು ಬಿದ್ದದ್ದು ಅವರಿಗೆ. ಇರಿ, ಈಗಲೇ ಹೋಗಿ ಹೇಳಿ ಬರ್ತೇನೆ."

"ಬ್ಯಾಡ," ಎಂದೆ.

ಮೈಮೂನಾ ನನ್ನ ಮುಖ ನೋಡಿದರು. ಆ ಒಂದು ಮಾತು ಎಲ್ಲಿಂದ ಬಂತೆಂದು ನನಗೂ ತಿಳಿಯಲಿಲ್ಲ. ವ್ರತ ಇಲ್ಲದಿದ್ದರೆ ನಾನು ಅದನ್ನು ಕುಡಿಯುತ್ತಿದ್ದೆನೇ? ಬಾವಿಯ ತಳದಿಂದ ಸದ್ದು ಬಂದದ್ದು ಆಗ. ಎದೆ ಒತ್ತುತ್ತದೆ ಎಂದವನನ್ನು ಕಳಿಸಿದರು. ಅವನು ಆಯ್ತು ಎಂದ. ಯಾರು ಏನು ಹೇಳಿದರೂ ಆಯ್ತು ಎನ್ನುವುದನ್ನು ಅವನಿಗೆ ಕಲಿಸಿದವಳು ನಾನು.

ಮೇಡಂ ಹಾಗೆಯೇ ತಿಳಿದುಕೊಂಡಿರಲಿ ಎಂದು ಬಿಟ್ಟುಬಿಟ್ಟೆ.

ಇಬ್ರಾಹಿಂ ಮನೆಗೆ ಮರಳಿದ ಮೇಲೆ ಧೂಳಿನ ಗಾಳಿ ಎದ್ದಿತು. ಆಕಾಶ ಅರಿಸಿನ ಕದಡಿದ ನೀರಿನಂತಾಯಿತು. ಮೈಮೂನಾ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿದರು. ನಾನು ಮಧ್ಯಾಹ್ನವೆಲ್ಲ ಮಲಗಿದೆ. ಕನಸಿನಲ್ಲಿ ಮೇಡಂ ತಲೆ ತಗ್ಗಿಸಿಯೇ ಇದ್ದರು, ಕಪ್ಪು ಚಾಚಿಯೇ ಇತ್ತು, ನಾನು ಎಷ್ಟು ಸಲ ಕಣ್ಣು ಮುಚ್ಚಿದರೂ ಅವರ ಕೈ ಸೋಲುತ್ತಿರಲಿಲ್ಲ. ಸುರೇಶ ಎಲ್ಲೋ ಹಿಂದೆ ನಿಂತಿದ್ದ. ಸಿಟ್ಟಾಗಿರಲಿಲ್ಲ. ಚಾ ಆರುತ್ತದೆ ಎಂಬ ಹಾಗೆ ನೋಡುತ್ತಿದ್ದ.

ಗಾಳಿ ನಿಂತ ದಿನ ಮೈಮೂನಾ ಜಗಲಿಯ ಧೂಳು ಗುಡಿಸುತ್ತಿದ್ದರು. ಅವನು ಹೋದ ಜಾಗ ನೋಡಬೇಕು, ಮೇಡಂ ಅಲ್ಲಿಗೆ ಬರಲಿ ಎಂದೆ. ಅವರು ಪೊರಕೆ ಕೆಳಗಿಟ್ಟು ಇಬ್ರಾಹಿಂಗೆ ಹೇಳಲು ಹೋದರು.

ಮತ್ತೆ ಮುಹರ್ರಕ್

ವಿಮಾನ ನಿಲ್ದಾಣದ ಎದುರಿನ ಕಾರುಗಳ ಜಾಗ. ಬಿಸಿಲು ಇಳಿಯುತ್ತಿತ್ತು. ಅಲ್ಲಿ ನೋಡುವಂಥದ್ದೇನೂ ಇಲ್ಲ, ಬಿಳಿ ಗೆರೆಗಳು, ಒಂದು ದೀಪದ ಕಂಬ. ಮೇಡಂ ಅದೇ ಕಾರಿನಲ್ಲಿ ಬಂದು ಕಂಬದ ಹತ್ತಿರ ನಿಲ್ಲಿಸಿದರು. ಇಳಿದು ನನ್ನಿಂದ ಸ್ವಲ್ಪ ದೂರದಲ್ಲೇ ನಿಂತರು. ಮೇಲೆ ವಿಮಾನವೊಂದು ಬಹಳ ತಗ್ಗಿನಲ್ಲಿ ಹೋಯಿತು. ಇಬ್ರಾಹಿಂ ನನ್ನ ಪಕ್ಕಕ್ಕೆ ಬಂದು ನಿಂತರು.

ನಾನು ಒಂದೇ ಮಾತು ಕೇಳಿದೆ. ಎದೆನೋವು ಎಂದಾಗ ನೀವು ಅವನ ಮುಖ ನೋಡಿದ್ದಿರಾ?

ಇಬ್ರಾಹಿಂ ಅದನ್ನು ಹೇಳಲು ಹಿಂದೆಮುಂದೆ ನೋಡಿದರು. ಆಮೇಲೆ ಹೇಳಿದರು. ಮೇಡಂ ತಲೆ ತಗ್ಗಿಸಿ ಉತ್ತರ ಕೊಟ್ಟರು.

"ಇಲ್ಲ ಅಂತೆ ಅಕ್ಕ. ಅಮ್ಮನ ವಿಮಾನ ಎಲ್ಲಿಗೆ ಬಂತು ಅಂತ ಕಂಪ್ಯೂಟರ್ ನೋಡ್ತಾ ಇದ್ರಂತೆ. ಅವನನ್ನು ನೋಡ್ಲಿಲ್ಲಂತೆ."

ನೋಡಿದ್ದೆ, ಚೆನ್ನಾಗಿಯೇ ಕಾಣುತ್ತಿದ್ದ ಎಂದು ಅವರು ಹೇಳಬಹುದಿತ್ತು. ಹಾಗೆ ಹೇಳಿದ್ದರೆ ನನಗೂ ಹಿತವಾಗುತ್ತಿತ್ತು. ಅವರು ಹೇಳಲಿಲ್ಲ.

ಕುಡಿದರೆ ಎಲ್ಲ ಮುಗಿದ ಹಾಗೆಯೇ ಎಂದು ಕೇಳಿಸಿದೆ.

"ಮುಗಿಯೂದಿಲ್ಲಂತೆ. ತೊಯ್ ಮ್ ಚ್ಯೂ ಅಂದ್ರೆ ನಿಮ್ಗೆ ಮುಖ ಕೊಡ್ಲಿಕ್ಕೆ ಆಗೂದಿಲ್ಲ ಅಂತ ಅರ್ಥ ಅಂತೆ. ನೀವು ಕುಡಿದ್ರೆ ಅವರು ನಿಮ್ಮ ಮುಖ ನೋಡ್ಬಹುದು. ಅಷ್ಟೇ ಅಂತೆ."

"ಚಾ ತಂದಿದ್ರಾ ಕೇಣಿ," ಎಂದೆ.

ತಂದಿದ್ದರು. ಫ್ಲಾಸ್ಕಿನಿಂದ ಸುರಿದು ಎರಡು ಕೈಯಲ್ಲಿ ಚಾಚಿದರು. ನಾನೂ ಎರಡು ಕೈಯಲ್ಲೇ ತೆಗೆದುಕೊಂಡೆ. ವರ್ಷ ತುಂಬಲು ಇನ್ನೂ ತಿಂಗಳುಗಳಿದ್ದವು. ಬಾಯಿಗಿಟ್ಟರೆ ಸಪ್ಪೆ, ಒಂದು ಹರಳು ಸಕ್ಕರೆಯಿಲ್ಲ. ನನ್ನ ಮುಖದಲ್ಲಿ ಅದು ಕಂಡಿರಬೇಕು. ಸುರೇಶ ಇಂಥ ಚಾ ಕುಡಿಯುತ್ತಿರಲಿಲ್ಲ ಎಂದು ಇಬ್ರಾಹಿಂ ಹತ್ತಿರ ಹೇಳಿದೆ.

ಅವರು ಅದನ್ನೂ ಇಂಗ್ಲಿಷಿಗೆ ತಂದುಬಿಟ್ಟರು. ಮೇಡಂ ಕಾರಿನ ಬಾಗಿಲು ತೆರೆದು, ಮುಂದಿನ ಸೀಟಿನ ಎದುರಿನ ಗೂಡಿಗೆ ಕೈಹಾಕಿ ಸಣ್ಣ ಡಬ್ಬಿಯೊಂದನ್ನು ತೆಗೆದರು. ಅವರ ಮನೆಯಲ್ಲಿ ಚಾಕ್ಕೆ ಸಕ್ಕರೆ ಹಾಕುವುದಿಲ್ಲ. ಅವರು ಕೊಟ್ಟ ಚಾ ಹಿಡಿದುಕೊಂಡು ಸುರೇಶ ಕಾರು ಒರೆಸುವ ನೆಪದಲ್ಲಿ ಹೊರಗೆ ಹೋಗಿ ಇದರಿಂದ ಹಾಕಿಕೊಳ್ಳುತ್ತಿದ್ದ. ಅದು ಮೇಡಂಗೆ ಗೊತ್ತಿತ್ತು. ಮೇಡಂಗೆ ಗೊತ್ತಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಡಬ್ಬಿ ಅಲ್ಲೇ ಉಳಿದಿತ್ತು. ತೆಗೆಯಲು ಅವರಿಗೆ ಮನಸ್ಸಾಗಿರಲಿಲ್ಲ.

ಸಕ್ಕರೆ ಕಲ್ಲಾಗಿತ್ತು. ಇಬ್ರಾಹಿಂ ಕಾರಿನ ಚಾವಿಯಿಂದ ಕುಟ್ಟಿ ಒಂದು ಹೆಂಟೆ ತೆಗೆದು ನನ್ನ ಕಪ್ಪಿಗೆ ಹಾಕಿದರು. ಇನ್ನೊಂದನ್ನು ಮೇಡಂ ತಾವೇ ತೆಗೆದು ಬಾಯಿಗೆ ಹಾಕಿಕೊಂಡರು. ಕರಗುವವರೆಗೆ ನಿಂತೆವು. ಆಮೇಲೆ ನಾನು ಕುಡಿದೆ. ಯಾರೂ ಹೇಳದೆ ಸೊರ್ ಎಂದು ಸದ್ದಾಯಿತು. ಬೇಕೆಂದು ಮಾಡಿದ್ದಲ್ಲ.

ಕಪ್ಪು ಖಾಲಿಯಾದ ಮೇಲೆ ಅದನ್ನು ಅಲುಗಿಸಿ ಹಿಂದೆ ಕೊಟ್ಟೆ. ಮೇಡಂ ತಲೆ ಎತ್ತಿ ನನ್ನನ್ನು ನೋಡಿದರು. ಸುರೇಶನದ್ದೇ ಮೂಗು ನನ್ನದು. ಅದನ್ನೇ ನೋಡಿದರೋ ಏನೋ. ಬಹಳ ಹೊತ್ತು ನೋಡಿದರು.

ಉಪ್ಪುಂದ

ಬರುವಾಗ ಮೈಮೂನಾ ಖರ್ಜೂರ ಕಟ್ಟಿಕೊಟ್ಟರು. ಮೇಡಂ ಡಬ್ಬಿ ಕೊಡಲು ಬಂದರು, ನಾನು ತೆಗೆದುಕೊಳ್ಳಲಿಲ್ಲ. ಅದು ಆ ಕಾರಿನಲ್ಲೇ ಇರಲಿ ಎಂದೆ. ವ್ರತ ಮುರಿದದ್ದಕ್ಕೆ ಊರಿನ ದೈವಕ್ಕೆ ತಪ್ಪುಕಾಣಿಕೆ ಇಟ್ಟೆ. ಯಾಕೆ ಎಂದು ನಮ್ಮ ಮನೆಯವರು ಕೇಳಿದರು. ಎಲ್ಲವನ್ನೂ ಹೇಳಿದೆ. ಅವರು ಕೇಳಿ, ಒಳಗೆ ಹೋಗಿ, ಆ ದಿನ ಅವರೇ ಚಾ ಮಾಡಿ ತಂದರು.

ಊರವರು ಕೇಳುತ್ತಾರೆ, ಹೇಗಿತ್ತು ಬಹ್ರೇನ್ ಎಂದು. ಸಮುದ್ರದ ಮೇಲೆ ರಸ್ತೆ ಇದೆ ಎನ್ನುತ್ತೇನೆ. ಅಲ್ಲಿಯ ಕಡಲು ಸದ್ದು ಮಾಡುವುದಿಲ್ಲ ಎನ್ನುತ್ತೇನೆ.

ಈಗ ದಿನವೂ ಚಾ ಕುಡಿಯುತ್ತೇನೆ. ಶುಕ್ರವಾರ ಪಾತ್ರೆ ತೊಳೆದು ಬಂದು ಹಿಂದಿನ ಜಗಲಿಯಲ್ಲಿ ಕೂರುತ್ತೇನೆ. ಮೊಬೈಲನ್ನು ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಒಮ್ಮೊಮ್ಮೆ ಮೈಮೂನಾ ಫೋನ್ ಮಾಡುತ್ತಾರೆ. ಸುರೇಶನ ಫೋನ್ ಬರುವುದಿಲ್ಲ.